ಸಂಘದ ದುಡ್ಡಿನಿಂದ ಸ್ತನ ತಪಾಸಣೆ: ಹೀಗೆ ಶುರು ಮಾಡಿ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ. ಬೆಳಗ್ಗೆ ತೊಟ್ಟು ಬಿಡಿಸಲು ಕೂತ ಹೆಣ್ಣುಮಕ್ಕಳು ಏಳುವುದು ಸಂಜೆಗೇ. ಅವರಲ್ಲೊಬ್ಬಾಕೆ ಸೆರಗು ಸರಿಮಾಡಿಕೊಳ್ಳುತ್ತ ಮೆಲ್ಲಗೆ ಹೇಳಿದಳು: "ಎದಿಯಾಗ ಗಂಟು ಐತ್ರೀ, ಆದ್ರ ನೋಯಂಗಿಲ್ಲ. ಹುಬ್ಬಳ್ಳಿಗೆ ಹೋಗು ಅಂದಾರ. ಸುಗ್ಗಿ ಮುಗೀಲಿ ಅಂತ ಬಿಟ್ಟೀನಿ." ಖಾರಕ್ಕೆ ಆಕೆಯ ಬೆರಳುಗಳು ಕೆಂಪಾಗಿ ಉರಿಯುತ್ತಿದ್ದವು. ಆಕೆಗೆ ಆ ಉರಿಯೇ ದೊಡ್ಡದಾಗಿತ್ತು.

ನೋಯದ ಗಂಟನ್ನೂ ಬೇಗ ತೋರಿಸಬೇಕು. ಸ್ತನ ಕ್ಯಾನ್ಸರ್ ಗಂಟು ಶುರುವಿನಲ್ಲಿ ಹೆಚ್ಚಾಗಿ ನೋಯುವುದಿಲ್ಲ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ನಿಜ. ಆದರೆ ಅದನ್ನು ಪರೀಕ್ಷೆ ಹೇಳಬೇಕು, ನಾವಲ್ಲ.

30ರಿಂದ 65 ವಯಸ್ಸಿನ ಹೆಣ್ಣುಮಕ್ಕಳಿಗೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಸ್ತನ ತಪಾಸಣೆ ಉಚಿತ. 2023ರ ಜೂನ್‌ನಿಂದ ಅವರಿಗೆ ಸರ್ಕಾರಿ ಸಾಮಾನ್ಯ ಬಸ್ಸೂ ಫ್ರೀ. ಮತ್ತೆ ಆಕೆ ಯಾಕೆ ಹೋಗಲಿಲ್ಲ? ಆ ದಿನದ ಕೂಲಿ ಯಾರು ಕೊಡುತ್ತಾರೆ, ಜೊತೆಗೆ ಯಾರು ಬರುತ್ತಾರೆ, ಮನೆಯಲ್ಲಿ ರೊಟ್ಟಿ ಯಾರು ಬಡಿಯುತ್ತಾರೆ? ನಮ್ಮ ಮಹಿಳಾ ಸಂಘದ ದುಡ್ಡು ಹೋಗಬೇಕಾದದ್ದು ಇಲ್ಲಿಗೆ.

ಮೊದಲು ದುಡ್ಡು ಕೂಡಿಸಿ

ಜಾತ್ರೆಗೆ ಪಟ್ಟಿ ಎತ್ತುವುದು ನಮಗೆ ಹೊಸದಲ್ಲ ಅಲ್ವಾ? 20 ಜನರ ಸಂಘದಲ್ಲಿ ವಾರಕ್ಕೆ ತಲಾ 10 ರೂಪಾಯಿ ಹಾಕಿದರೆ ವರ್ಷಕ್ಕೆ 10,400 ರೂಪಾಯಿ. ಐದು ಸಂಘ ಸೇರಿದರೆ 52,000. ಮೆಣಸಿನಕಾಯಿ ದಲಾಲರನ್ನೂ ಕೇಳಿ. ಅವರ ಸರಕು ಹಸನಾಗುವುದು ಈ ಹೆಣ್ಣುಮಕ್ಕಳ ಕೈಯಿಂದಲೇ.

ಬೇರೆ ಖಾತೆ ತೆಗೆಯಿರಿ, ಇಬ್ಬರ ಸಹಿ ಇರಲಿ. ಇದು ಸಾಲ ಅಲ್ಲ, ವಾಪಸ್ ಕೇಳುವುದಿಲ್ಲ ಅಂತ ಠರಾವಿನಲ್ಲಿ ಸ್ಪಷ್ಟವಾಗಿ ಬರೆಯಿರಿ. ಸಂಘದಲ್ಲಿ ಇಲ್ಲದ ದಿನಗೂಲಿಯವರಿಗೂ ಇದು ಸಿಗಬೇಕು. ನಿಜವಾಗಿ ಬೇಕಾಗಿರುವುದು ಅವರಿಗೇ.

ಪೆಂಡಾಲ್, ಬ್ಯಾನರ್, ಶಾಲು-ಹಾರಕ್ಕೆ ಒಂದು ರೂಪಾಯಿಯೂ ಬೇಡ. ಎಲ್ಲರಿಗೂ ಮ್ಯಾಮೊಗ್ರಫಿ (ಸ್ತನದ ಎಕ್ಸ್-ರೇ) ಮಾಡಿಸುತ್ತೇವೆ ಅಂತಲೂ ಹೊರಡಬೇಡಿ. ಚಿಕ್ಕ ವಯಸ್ಸಿನಲ್ಲಿ ಸ್ತನ ದಟ್ಟವಾಗಿರುವುದರಿಂದ ಅದರಲ್ಲಿ ಗಂಟು ಸರಿಯಾಗಿ ಕಾಣದೇ ಹೋಗಬಹುದು. ಕೈಯಿಂದ ಮಾಡುವ ಪರೀಕ್ಷೆಯನ್ನು ಹಗುರವಾಗಿ ನೋಡಬೇಡಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯವರು 1998ರಲ್ಲಿ ಶುರು ಮಾಡಿದ ಅಧ್ಯಯನದಲ್ಲಿ ಸುಮಾರು ಒಂದೂವರೆ ಲಕ್ಷ ಹೆಣ್ಣುಮಕ್ಕಳಿದ್ದರು. ಅವರಲ್ಲಿ ಅರ್ಧದಷ್ಟು ಜನರನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಹೀಗೆ ಪರೀಕ್ಷೆ ಆದವರ ಪೈಕಿ 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್ ಸಾವು ಹೆಚ್ಚುಕಡಿಮೆ ಶೇ 30ರಷ್ಟು ಕಡಿಮೆಯಾಯಿತು. 2021ರಲ್ಲಿ ಈ ಫಲಿತಾಂಶ ಪ್ರಕಟವಾಯಿತು.

ಆಮೇಲೆ ದಿನ ಗೊತ್ತು ಮಾಡಿ

ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ಕೇಂದ್ರದ ಸಿಸ್ಟರ್ ಜೊತೆ ಕೂತು ದಿನ ಹಾಕಿ. ಬಾಗಿಲು ಹಾಕಿಕೊಳ್ಳಲು ಬರುವ ಕೋಣೆ ಇರಲಿ, ಪರೀಕ್ಷೆ ಮಾಡುವವರು ಹೆಂಗಸರೇ ಇರಲಿ. ಕಂಕುಳಲ್ಲಿ ಗಂಟು, ಚರ್ಮ ಕಿತ್ತಳೆ ಸಿಪ್ಪೆಯಂತಾಗುವುದು, ಮೊಲೆತೊಟ್ಟು ಒಳಗೆ ಸೇರುವುದು, ರಕ್ತ ಒಸರುವುದು, ಮಾಯದ ಹುಣ್ಣು: ಇವನ್ನೂ ಹೇಳಲು ತಿಳಿಸಿ. ಯಾರಿಗೆ ಏನಿತ್ತು ಅನ್ನುವುದು ಹೊರಗೆ ಹೋಗಬಾರದು.

ಹುಬ್ಬಳ್ಳಿಯ ದಾರಿ

ಕೆಲಸ ತಪ್ಪುವುದು ಇಲ್ಲೇ. ನಮ್ಮ ಓಣಿಯಲ್ಲಿ ಒಮ್ಮೆ ಶಿಬಿರ ಆಯಿತು. ಗಂಟಿದ್ದ ಒಬ್ಬರಿಗೆ ಚೀಟಿ ಬರೆದುಕೊಟ್ಟರು, ಅಷ್ಟೇ. ಆಕೆ ಹೋದಳೋ ಇಲ್ಲವೋ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಅದು ಈಗಲೂ ಚುಚ್ಚುತ್ತದೆ.

ಅದಕ್ಕೇ ಓದುಬರಹ ಬರುವ ಒಬ್ಬ ಜೊತೆಗಾರ್ತಿಯನ್ನು ಮೊದಲೇ ಗೊತ್ತು ಮಾಡಿ. ಇಬ್ಬರಿಗೂ ಆ ದಿನದ ಕೂಲಿ, ಊಟ, ಆಟೊ ಖರ್ಚು ಕೊಡಿ. ಆಧಾರ್, ರೇಷನ್ ಕಾರ್ಡ್, ಆರೋಗ್ಯ ಕೇಂದ್ರದ ಚೀಟಿ ಒಂದೇ ಚೀಲದಲ್ಲಿರಲಿ. ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಅನ್ನುವ ಸರ್ಕಾರಿ ಆಸ್ಪತ್ರೆ (ಈಗಿನ ಹೆಸರು ಕೆಎಂಸಿಆರ್‌ಐ) ಇದೆ, ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆ ಇದೆ.

ಸೂಜಿ ಚುಚ್ಚಿ ಗಂಟಿನ ತುಣುಕು ತೆಗೆಯುತ್ತಾರೆ ಅಂದ ಕೂಡಲೇ ಎಷ್ಟೋ ಜನ ಎದ್ದು ಬಂದುಬಿಡುತ್ತಾರೆ. "ಚುಚ್ಚಿದರೆ ಹಬ್ಬುತ್ತದೆ" ಅನ್ನುವುದು ಸುಳ್ಳು ಹೆದರಿಕೆ. ಆ ಪರೀಕ್ಷೆ ಇಲ್ಲದೆ ಚಿಕಿತ್ಸೆ ಶುರುವಾಗುವುದಿಲ್ಲ ಅಂತ ಊರಲ್ಲೇ ಕೂತು ಹೇಳಿ, ಆಸ್ಪತ್ರೆಯ ಬಾಗಿಲಲ್ಲಿ ಅಲ್ಲ. ರಿಪೋರ್ಟ್ ತರಲು ಮತ್ತೆ ಹೋಗಬೇಕಲ್ವಾ? ಆ ತಾರೀಖನ್ನು ಸಂಘದ ಪುಸ್ತಕದಲ್ಲಿ ಬರೆದು, ಹಿಂದಿನ ದಿನ ಆಕೆಯ ಮನೆಗೆ ಹೋಗಿ ನೆನಪಿಸಿ.

ಕ್ಯಾನ್ಸರ್ ಅಂತ ಬಂದರೆ

ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಆಪರೇಷನ್ ಖರ್ಚಿಗೆ ಸಂಘದ ದುಡ್ಡು ಸಾಲುವುದಿಲ್ಲ, ಅದಕ್ಕೆ ಕೈ ಹಾಕಬೇಡಿ. ಕಿಮೊ (ಕ್ಯಾನ್ಸರ್‌ಗೆ ಕೊಡುವ ಔಷಧ ಚಿಕಿತ್ಸೆ) ಸಾಮಾನ್ಯವಾಗಿ ಮೂರು ವಾರಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟೂ ದಿನ ಮನೆಯ ರೇಷನ್, ನೀರು, ಮಕ್ಕಳ ಊಟ ನೋಡಿಕೊಳ್ಳಲು ಸರದಿ ಹಾಕಿಕೊಳ್ಳಿ.

ಸ್ತನ ತೆಗೆದಿದ್ದರೆ, ಗಾಯ ಮಾಗಿದ ಮೇಲೆ ವೈದ್ಯರನ್ನು ಕೇಳಿ, ಒಳಗೆ ಮೆತ್ತನೆಯ ಹತ್ತಿ ಪ್ಯಾಡ್ ಇಟ್ಟ ರವಿಕೆ ಹೊಲಿಸಿ ಕೊಡಿ. ಸಂಘದಲ್ಲಿ ಹೊಲಿಗೆ ಬರುವ ಅಕ್ಕ ಒಬ್ಬರಾದರೂ ಇರುತ್ತಾರೆ. ಅಳತೆಗೆ ಆಕೆಯನ್ನು ಅಂಗಡಿಗೆ ಕರೆಸಬೇಡಿ. ಅವರೇ ಟೇಪು ಹಿಡಿದು ಆಕೆಯ ಮನೆಗೆ ಹೋಗಲಿ.