ಮೀನು ಹೊರಗೆ ಬರಬೇಕಾ? ಮೊದಲು ಬಚ್ಚಿಟ್ಟುಕೊಳ್ಳಲು ಜಾಗ ಕೊಡಿ

‘ಅಕ್ವೇರಿಯಂ ತಂದಾಯ್ತು, ಮೀನು ಮಾತ್ರ ಫಿಲ್ಟರ್ ಹಿಂದಿನಿಂದ ಈಚೆ ಬರಲ್ಲ.’ ದಾವಣಗೆರೆಯ ಎಷ್ಟೋ ಮನೆಗಳಲ್ಲಿ ಈ ಮಾತು ಕೇಳಿದ್ದೇನೆ. ಆಗ ಹೆಚ್ಚಿನವರು ಟ್ಯಾಂಕಿನ ಕಲ್ಲು, ಗಿಡ ಎಲ್ಲ ತೆಗೆದುಬಿಡುತ್ತಾರೆ. ಬಚ್ಚಿಟ್ಟುಕೊಳ್ಳಲು ಜಾಗವೇ ಇಲ್ಲದಿದ್ದರೆ ಮೀನು ಕಾಣಲೇಬೇಕಲ್ವಾ ಅನ್ನುವುದು ಅವರ ಲೆಕ್ಕ. ಕಾಣುತ್ತದೆ, ನಿಜ. ಆದರೆ ಮೂಲೆಯಲ್ಲಿ, ತಳಕ್ಕೆ ಅಂಟಿಕೊಂಡು, ರೆಕ್ಕೆ ಮಡಚಿಕೊಂಡು ನಿಂತಿರುತ್ತದೆ. ಬಣ್ಣ ಮಂಕಾಗುತ್ತದೆ, ಊಟ ಬಿಡುತ್ತದೆ. ಮಾಡಬೇಕಾದ್ದು ಇದರ ಉಲ್ಟಾ. ಹೆದರಿಕೆಯಾದರೆ ನುಗ್ಗಲು ಪಕ್ಕದಲ್ಲೇ ಜಾಗ ಇದೆ ಎಂದು ಗೊತ್ತಾದ ಮೀನೇ ಧೈರ್ಯವಾಗಿ ನಡುನೀರಿಗೆ ಬರುತ್ತದೆ.

ಹಂತ 1: ಹೆದರಿಕೆಯೋ, ಕಾಯಿಲೆಯೋ?

ಹೊಸ ಮೀನು ಒಂದೆರಡು ವಾರ ಅವಿತುಕೊಂಡರೆ ಅದು ಸಹಜ. ಬಿಟ್ಟುಬಿಡಿ. ಚೆನ್ನಾಗಿ ಓಡಾಡಿಕೊಂಡಿದ್ದ ಮೀನು ಇದ್ದಕ್ಕಿದ್ದಂತೆ ಮೂಲೆ ಸೇರಿದರೆ ಮಾತ್ರ ಮೊದಲು ನೀರು ನೋಡಿ. ಕಿವಿರು ಜೋರಾಗಿ ಬಡಿದುಕೊಳ್ಳುತ್ತಿದೆಯಾ, ಮೈಮೇಲೆ ರವೆ ಕಾಳಿನಂಥ ಬಿಳಿ ಚುಕ್ಕೆ ಇದೆಯಾ ಗಮನಿಸಿ. ಇದ್ದರೆ ಅದು ಕಾಯಿಲೆಯ ಲಕ್ಷಣ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ (ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ) ಸೊನ್ನೆ ಇರಬೇಕು.

ನಮ್ಮೂರಲ್ಲಿ ಇನ್ನೊಂದು ಕಾರಣವೂ ಇದೆ. ಕುಂದುವಾಡ ಕೆರೆಯಿಂದ ಬರುವ ನಲ್ಲಿ ನೀರು ಒಂದು ವಾರ, ಅದು ಬರದ ವಾರ ಬೋರ್‌ವೆಲ್ ನೀರು. ಬೋರಿನ ನೀರು ತುಂಬಾ ಗಡಸು. ಹೀಗೆ ನೀರು ಒಮ್ಮೆಲೇ ಬದಲಾದರೆ ಮೀನಿಗೆ ತಡೆದುಕೊಳ್ಳಲು ಆಗುವುದಿಲ್ಲ. ಯಾವುದಾದರೂ ಒಂದೇ ನೀರಿಗೆ ಅಂಟಿಕೊಳ್ಳಿ. ವಾರಕ್ಕೆ ಕಾಲು ಭಾಗ ಮಾತ್ರ ಬದಲಿಸಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕದೆ ಸುರಿಯಬೇಡಿ.

ಹಂತ 2: ಟ್ಯಾಂಕ್ ಎಲ್ಲಿದೆ?

ಟಿವಿ ಪಕ್ಕ ಬೇಡ, ಫ್ರಿಜ್ ಮೇಲೆ ಬೇಡ, ಧಡ್ ಎಂದು ಮುಚ್ಚುವ ಬಾಗಿಲ ಬಳಿಯೂ ಬೇಡ. ಮೀನಿನ ಮೈಯುದ್ದಕ್ಕೂ ನೀರಿನ ಅದುರುವಿಕೆ ಹಿಡಿಯುವ ಅಂಗವಿದೆ. ನಮಗೆ ಸಣ್ಣ ಸದ್ದು, ಅದಕ್ಕೆ ಮೈಯೆಲ್ಲ ನಡುಕ. ಗಣಪತಿ ಮೆರವಣಿಗೆಯ ಡಿಜೆ ಬೀದಿಗೆ ಬಂದ ದಿನ ಟ್ಯಾಂಕಿನ ಲೈಟ್ ಆರಿಸಿ, ಮೇಲೊಂದು ಬಟ್ಟೆ ಹೊದಿಸಿ.

ದುಂಡು ಗಾಜಿನ ಬೌಲ್ ಕೊಳ್ಳಲೇಬೇಡಿ. ಸುತ್ತ ಎಲ್ಲ ಕಡೆಯಿಂದ ಕಾಣುವ ಬೌಲ್‌ನಲ್ಲಿ ಬೆನ್ನು ಆನಿಸಲೂ ಒಂದು ಗೋಡೆ ಇಲ್ಲ.

ಹಂತ 3: ಮರೆ

ಜನ ಎಡವುವುದು ಇಲ್ಲೇ. ಅಂಗಡಿಯಿಂದ ಒಂದು ಪ್ಲಾಸ್ಟಿಕ್ ಕೋಟೆ ತಂದು ನಟ್ಟನಡುವೆ ಇಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ಜೋರಿನ ಮೀನೊಂದು ಅದನ್ನು ಹಿಡಿದು ಕೂರುತ್ತದೆ, ಉಳಿದವು ಬಯಲಲ್ಲೇ. ಒಂದು ದೊಡ್ಡ ಗುಹೆಗಿಂತ ಐದಾರು ಸಣ್ಣ ಮರೆಗಳು ಮೇಲು.

ಮೇಲಿನಿಂದ ಶುರು ಮಾಡಿ. ಕೆರೆಯ ಮೀನಿಗೆ ಮಿಂಚುಳ್ಳಿ, ಬೆಳ್ಳಕ್ಕಿ ಎರಗುವುದು ಮೇಲಿನಿಂದ. ಹಾಗಾಗಿ ತಲೆಯ ಮೇಲೆ ನೆರಳಾಡಿದರೆ ಮೀನು ಓಡುತ್ತದೆ. ನೀರಿನ ಮೇಲೆ ಮೂರನೇ ಒಂದು ಭಾಗ ಅಂತರಗಂಗೆಯನ್ನೋ ಸಾಲ್ವಿನಿಯಾವನ್ನೋ ತೇಲಿಬಿಡಿ. ಕೆರೆಯಿಂದ ಕಿತ್ತು ತರಬೇಡಿ. ಜಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿ ಜೊತೆಗೇ ಬರುತ್ತವೆ, ಆ ಮರಿಗಳು ಸಣ್ಣ ಮೀನನ್ನು ತಿನ್ನುತ್ತವೆ. ಮೀನು ಸಾಕುವ ಪರಿಚಯದವರಿಂದ ತನ್ನಿ. ಹೆಚ್ಚಾದದ್ದನ್ನು ಕೆರೆಗೆ ಎಸೆಯಬೇಡಿ, ಒಣಗಿಸಿ ಗಿಡಕ್ಕೆ ಹಾಕಿ.

ಹಿಂಬದಿಗೆ ಮತ್ತು ಎರಡೂ ಬದಿಗೆ ಹೊರಗಿನಿಂದ ಕಪ್ಪು ಚಾರ್ಟ್ ಅಂಟಿಸಿ. ಹವಳದ ಚಿತ್ರವಿರುವ ಮಿರುಗುವ ಹಾಳೆ ಬೇಡ. ತಳಕ್ಕೆ ಕಡುಬಣ್ಣದ ಮರಳು ಸಾಕು. ಬಿಳಿ ಕಲ್ಲು, ಗುಲಾಬಿ ಕಲ್ಲು ಬೆಳಕನ್ನು ಕೆಳಗಿನಿಂದ ಮೀನಿನ ಕಣ್ಣಿಗೆ ಎಸೆಯುತ್ತವೆ.

ಗುಹೆಗೆ ತೆಂಗಿನ ಚಿಪ್ಪಿಗಿಂತ ಒಳ್ಳೆಯದು ಇಲ್ಲ. ಒಳಗಿನ ಕಾಯಿ ಪೂರ್ತಿ ಕೆರೆದು ತೆಗೆಯಿರಿ, ಚೂರು ಉಳಿದರೂ ನೀರು ಕೊಳೆಯುತ್ತದೆ. ಚೆನ್ನಾಗಿ ಕುದಿಸಿ, ನೀರಿಗೆ ಬಣ್ಣ ಬಿಡುವುದು ನಿಲ್ಲುವವರೆಗೆ ನೆನೆಹಾಕಿ. ಅಂಚಿನಲ್ಲಿ ಗರಗಸದಿಂದ ಬಾಗಿಲು ಕೊಯ್ಯಿರಿ. ಮೀನು ನುಸುಳುವಷ್ಟಿದ್ದರೆ ಸಾಕು, ಅಗಲವಾದ ಬಾಗಿಲು ಅದಕ್ಕೆ ಭದ್ರ ಅನಿಸುವುದಿಲ್ಲ. ಎದುರು ಬದಿಗೆ ಇನ್ನೊಂದು ಬಾಗಿಲು ಬೇಕೇ ಬೇಕು. ಒಂದೇ ಬಾಗಿಲಿದ್ದರೆ ಅಟ್ಟಿಸಿಕೊಂಡು ಬಂದ ಮೀನಿನ ಬಾಯಿಗೆ ಒಳಗಿನದು ಸಿಕ್ಕಿಬೀಳುತ್ತದೆ. ಅಂಚನ್ನು ಉಪ್ಪುಕಾಗದದಿಂದ ಉಜ್ಜಿ, ಬೆರಳಾಡಿಸಿ ನೋಡಿ. ಬೆರಳಿಗೆ ತರಚಿದರೆ ಮೀನಿನ ಮೈಗೂ ತರಚುತ್ತದೆ. ಪ್ಲಾಸ್ಟಿಕ್ ಗಿಡ ಕೊಳ್ಳುವವರು ಹಳೆ ನೈಲಾನ್ ಸಾಕ್ಸ್‌ಗೆ ಉಜ್ಜಿ ನೋಡಿ, ದಾರ ಎಳೆದರೆ ವಾಪಸ್ ಕೊಡಿ.

ಕಲ್ಲು ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಿತ್ರದುರ್ಗದ ಕಡೆಯ ಗ್ರಾನೈಟ್ ತುಂಡು ನೀರಿನ ಗುಣ ಕೆಡಿಸುವುದಿಲ್ಲ. ಅನುಮಾನ ಇದ್ದರೆ ಕಲ್ಲಿನ ಮೇಲೆ ವಿನೆಗರ್ ಹನಿಸಿ. ನೊರೆ ಎದ್ದರೆ ಸುಣ್ಣದ ಕಲ್ಲು, ಬಿಟ್ಟುಬಿಡಿ. ಸೋಪು ಹಾಕಿ ತೊಳೆಯಬೇಡಿ.

ಈಗ ಜೋಡಣೆ. ಎಲ್ಲ ಮರೆಯನ್ನೂ ಹಿಂದಿನ ಗೋಡೆಗೆ ತಳ್ಳಿ ಮುಂದೆ ಬಯಲು ಬಿಡುವುದು ಸಾಮಾನ್ಯ ತಪ್ಪು. ಊಟದ ಜಾಗಕ್ಕೆ ಬರಲು ಮೀನು ಆ ಬಯಲನ್ನೆಲ್ಲ ದಾಟಬೇಕು, ಅದು ದಾಟುವುದಿಲ್ಲ. ಹಿಂದಿನ ಮೂಲೆಯಲ್ಲಿ ಚಿಪ್ಪು, ಸ್ವಲ್ಪ ಮುಂದೆ ಕಲ್ಲಿಗೆ ದಾರದಿಂದ ಕಟ್ಟಿದ ಜಾವಾ ಫರ್ನ್ ಎಂಬ ನೀರಿನ ಗಿಡ, ಇನ್ನೂ ಮುಂದೆ ಒಂದು ಸಣ್ಣ ಕಲ್ಲು. ಹೀಗೆ ಮರೆಯಿಂದ ಮರೆಗೆ ಜಿಗಿಯುವ ದಾರಿ ಮಾಡಿಕೊಡಿ. ಒಮ್ಮೆ ಇಟ್ಟ ಮೇಲೆ ಚೆಂದ ಕಾಣಲಿ ಅಂತ ಸುಮ್ನೆ ಕದಲಿಸುತ್ತಿರಬೇಡಿ.

ಹಂತ 4: ಲೈಟ್

ಮೀನಿಗೆ ಕಣ್ಣುರೆಪ್ಪೆ ಇಲ್ಲ. ಕತ್ತಲಲ್ಲಿ ಫಕ್ಕನೆ ಲೈಟ್ ಹಾಕಿದರೆ ಗಾಬರಿಯಿಂದ ಗಾಜಿಗೆ ಬಡಿದುಕೊಳ್ಳುತ್ತದೆ. ಮೊದಲು ಕೋಣೆಯ ಲೈಟ್, ಕಾಲು ಗಂಟೆ ಬಿಟ್ಟು ಟ್ಯಾಂಕಿನದು. ದಿನಕ್ಕೆ 6ರಿಂದ 8 ಗಂಟೆ ಸಾಕು, ಟೈಮರ್ ಇದ್ದರೆ ಇನ್ನೂ ಒಳ್ಳೆಯದು. ತಾನಾಗಿ ಉದುರಿ ಒಣಗಿದ ಕಾಡುಬಾದಾಮಿ ಎಲೆಯನ್ನು ತೊಳೆದು 40 ಲೀಟರಿಗೆ ಒಂದರಂತೆ ಹಾಕಿದರೆ ನೀರು ಚಹಾ ಬಣ್ಣಕ್ಕೆ ತಿರುಗುತ್ತದೆ. ಟೆಟ್ರಾ ಎಂಬ ಸಣ್ಣ ಮೀನುಗಳಿಗೆ ಆ ಮಬ್ಬು ಬೆಳಕು ಇಷ್ಟ.

ಹಂತ 5: ಜೊತೆ

ನಿಯಾನ್ ಟೆಟ್ರಾ, ಕೋರಿಡೋರಾಸ್ ಎರಡೂ ಗುಂಪಿನಲ್ಲಿ ಬದುಕುವ ಮೀನು. ‘ಒಂದು ಜೋಡಿ ಕೊಡಿ’ ಎಂದು ತರಬೇಡಿ. ಕನಿಷ್ಠ 6 ಇರಲಿ. ಏಂಜಲ್ ಫಿಶ್‌ನಂಥ ನಾಚಿಕೆಯ ಮೀನಿಗೆ ಮೇಲ್ನೀರಿನಲ್ಲಿ ಓಡಾಡುವ ಗಟ್ಟಿ ಮೀನುಗಳ ಗುಂಪು ಧೈರ್ಯ ಕೊಡುತ್ತದೆ. ಅವು ನಿರಾಳವಾಗಿ ಸುತ್ತುತ್ತಿದ್ದರೆ ಸುತ್ತ ಅಪಾಯವಿಲ್ಲ ಎಂದು ಇವು ತಿಳಿಯುತ್ತವೆ. ನನ್ನ ಆಯ್ಕೆ ಜೀಬ್ರಾ ಡ್ಯಾನಿಯೋ. ನಮ್ಮ ದೇಶದ ತೊರೆಗಳದ್ದೇ ಮೀನು, ಗಡಸು ನೀರಿಗೂ ಜಗ್ಗುವುದಿಲ್ಲ. ಟೈಗರ್ ಬಾರ್ಬ್ ಮಾತ್ರ ತರಬೇಡಿ, ಏಂಜಲ್ ರೆಕ್ಕೆ ಕಚ್ಚಿ ಹರಿಯುತ್ತದೆ.

ಹಂತ 6: ಊಟ

ದಿನಾ ಒಂದೇ ಹೊತ್ತಿಗೆ, ಒಂದೇ ಮೂಲೆಯಲ್ಲಿ, ಚಿಟಿಕೆಯಷ್ಟು. ಹಾಕಿ ದೂರ ಸರಿಯಿರಿ, ದಿನ ಕಳೆದಂತೆ ಹತ್ತಿರ ನಿಲ್ಲಿ. ಮಕ್ಕಳು ಪ್ರೀತಿಯಿಂದ ಮಂಡಕ್ಕಿ ಹಾಕುತ್ತಾರೆ. ಅದು ಬೇಡ, ನೀರು ಕೆಡುತ್ತದೆ. ಗಾಜು ತಟ್ಟಿ ಕರೆಯುವುದೂ ಬೇಡ.

‘ಮೀನಿನ ಭಯ ಹೋಗುತ್ತೆ’ ಎಂದು ಅಂಗಡಿಯಲ್ಲಿ ಕೊಡುವ ನೀಲಿ ದ್ರವ ಬಹುತೇಕ ಮಿಥಿಲೀನ್ ಬ್ಲೂ. ಅದು ಗಿಡಕ್ಕೂ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾಕ್ಕೂ ಕೆಟ್ಟದ್ದು. ಭಯಕ್ಕೆ ಔಷಧ ಅಲ್ಲವೇ ಅಲ್ಲ.

ಪ್ಲೆಕೊ ಮತ್ತು ಕೂಲಿ ಲೋಚ್ ಇಟ್ಟವರು ಹಗಲಲ್ಲಿ ಅವು ಕಾಣಲಿಲ್ಲ ಎಂದು ಕೊರಗಬೇಡಿ. ಅವು ರಾತ್ರಿಯ ಮೀನು. ಲೈಟ್ ಆರಿಸಿದ ಅರ್ಧ ಗಂಟೆಗೆ, ತಳಕ್ಕೆ ಮುಳುಗುವ ಆಹಾರದ ಗುಳಿಗೆ ಹಾಕಿ. ಬೆಳಿಗ್ಗೆ ಗುಳಿಗೆ ಉಳಿದಿದ್ದರೆ ತೆಗೆದು, ಅಂದು ರಾತ್ರಿ ಒಂದು ಕಡಿಮೆ ಹಾಕಿ.