ಮಳೆಗಾಲದಲ್ಲಿ ಸಾಕಿದ ಊಸರವಳ್ಳಿ ಕಪ್ಪಾದರೆ ಏನೇನು ನೋಡಬೇಕು

ಊಸರವಳ್ಳಿ ಕಪ್ಪಾಗಿದೆ ಎಂದು ಯಾರಾದರೂ ಫೋನ್ ಮಾಡಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಈಗ ಗಂಟೆ ಎಷ್ಟು? ಅದು ಕುಳಿತಿರುವ ಕೊಂಬೆಯ ಮೇಲೆ ಎಷ್ಟು ಡಿಗ್ರಿ ಇದೆ? ಎರಡನೆಯದಕ್ಕೆ ಉತ್ತರ ಸಿಗುವುದು ಅಪರೂಪ. ಬಣ್ಣವನ್ನು ದಿನವಿಡೀ ನೋಡುತ್ತಾರೆ, ಬಿಸಿಯನ್ನು ಯಾರೂ ಅಳೆಯುವುದಿಲ್ಲ.

ಸಾಗರದಲ್ಲಿ ನನ್ನದು ವಿದ್ಯುತ್ ಸಾಮಾನಿನ ಅಂಗಡಿ. ಮನೆಯ ಜಗುಲಿಯಲ್ಲಿ, ಜಾಲರಿಯ ಗೂಡಿನೊಳಗೆ, ನೆತ್ತಿಯ ಮೇಲೆ ಎತ್ತರದ ಶಿಖೆ ಇರುವ ಒಂದು ಗಂಡು ವೇಲ್ಡ್ ಕ್ಯಾಮೆಲಿಯನ್ ಇದೆ. ಯೆಮೆನ್ ಮತ್ತು ಸೌದಿ ಅರೇಬಿಯದ ಕಡೆಯ ಜಾತಿ ಅದು, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲಿನಲ್ಲಿ ನೋಂದಣಿ ಆಗಿದೆ. ನಮ್ಮ ನಾಡಿನ ಬೇಲಿ, ಕುರುಚಲು ಕಾಡುಗಳಲ್ಲಿ ಕಾಣುವ ಭಾರತದ ಊಸರವಳ್ಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅದನ್ನು ಹಿಡಿದು ಸಾಕುವಂತಿಲ್ಲ. ತೋಟದಲ್ಲಿ ಸಿಕ್ಕಿತೆಂದು ಮಕ್ಕಳು ತಂದರೆ ಸಿಕ್ಕಿದ ಜಾಗದಲ್ಲೇ ಬಿಡಿಸಿ. ಇಲ್ಲಿ ಹೇಳುತ್ತಿರುವುದೆಲ್ಲ ದಾಖಲೆಯಿರುವ ವಿದೇಶಿ ಜಾತಿಗಳ ಬಗ್ಗೆ.

ಸುತ್ತಲಿನ ಬಣ್ಣಕ್ಕೆ ತಕ್ಕಂತೆ ಅದು ತಿರುಗುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಚರ್ಮದ ಮೇಲ್ಪದರದಲ್ಲಿ ಹಳದಿ ವರ್ಣಕಗಳಿವೆ. ಅದರ ಕೆಳಗಿನ ಕೋಶಗಳಲ್ಲಿ ಗ್ವಾನಿನ್ ಎಂಬ ವಸ್ತುವಿನ ಅತಿಸೂಕ್ಷ್ಮ ಹರಳುಗಳು ಜೋಡಣೆಗೊಂಡಿವೆ. ಪ್ರಾಣಿ ನಿರಾಳವಾಗಿದ್ದರೆ ಹರಳುಗಳು ಒತ್ತೊತ್ತಾಗಿದ್ದು ನೀಲಿ ಬೆಳಕನ್ನು ಹಿಂದಿರುಗಿಸುತ್ತವೆ. ಆ ನೀಲಿಗೆ ಮೇಲಿನ ಹಳದಿ ಸೇರಿ ನಮಗೆ ಹಸಿರು ಕಾಣುತ್ತದೆ. ಕೆರಳಿದಾಗ ಹರಳುಗಳ ನಡುವಿನ ಅಂತರ ಹಿಗ್ಗಿ ಹಳದಿ, ಕಿತ್ತಳೆ, ಕೆಂಪು ಮೂಡುತ್ತವೆ. ಮಡಗಾಸ್ಕರಿನ ಪ್ಯಾಂಥರ್ ಕ್ಯಾಮೆಲಿಯನ್‌ನಲ್ಲಿ ಇದನ್ನು ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2015ರಲ್ಲಿ ತೋರಿಸಿದರು. ಕಪ್ಪಿನ ಕೆಲಸ ಬೇರೆ ಕೋಶಗಳದ್ದು. ಆಳದಲ್ಲಿರುವ ಮೆಲನಿನ್ ಕೋಶಗಳು ತಮ್ಮ ಕವಲುಗಳನ್ನು ಮೇಲಕ್ಕೆ ಚಾಚಿಕೊಂಡಿವೆ. ಕಪ್ಪು ಕಣಗಳು ಆ ಕವಲುಗಳಲ್ಲಿ ಹರಡಿದರೆ ಮೈ ಕಪ್ಪಾಗುತ್ತದೆ, ನಡುವಿಗೆ ಮುದುಡಿದರೆ ತಿಳಿಯಾಗುತ್ತದೆ. ಆದ್ದರಿಂದ ಕಪ್ಪಾಗುವುದು ಬೇರೆ, ಬಣ್ಣ ಮಂಕಾಗುವುದು ಬೇರೆ. ಎರಡನ್ನೂ ಒಂದೇ ಎಂದು ತಿಳಿದರೆ ಮುಂದಿನ ಹುಡುಕಾಟವೆಲ್ಲ ದಾರಿ ತಪ್ಪುತ್ತದೆ.

ಮಲೆನಾಡಿನಲ್ಲಿ ಕಪ್ಪಿಗೆ ಮೊದಲ ಕಾರಣ ಚಳಿ. ತನ್ನ ಮೈಯಲ್ಲೇ ಶಾಖ ಹುಟ್ಟಿಸಿಕೊಳ್ಳಲಾರದ ಪ್ರಾಣಿ ಬೆಳಗ್ಗೆ ಎದ್ದು, ಹೆಚ್ಚು ಬಿಸಿ ಹೀರಲೆಂದು ಕಪ್ಪಾಗಿ, ಮೈಯನ್ನು ಚಪ್ಪಟೆ ಮಾಡಿ ಬಲ್ಬಿನ ಕಡೆಗೆ ಅಡ್ಡ ತಿರುಗಿ ಕೂರುತ್ತದೆ. ಬೆಳಕಿನ ಕಡೆಯ ಮಗ್ಗುಲು ಕಪ್ಪು, ಇನ್ನೊಂದು ಹಸಿರು ಇರುವುದೂ ಉಂಟು. ಮೈ ಕಾದ ಮೇಲೆ ಹಸಿರು ತಾನಾಗಿ ಮರಳಿದರೆ ಅದು ಆರೋಗ್ಯದ ಲಕ್ಷಣ. ಮಧ್ಯಾಹ್ನವಾದರೂ ಕಪ್ಪಾಗಿಯೇ ಬಲ್ಬಿಗೆ ಅಂಟಿಕೊಂಡು ಕುಳಿತಿದ್ದರೆ ಬಿಸಿ ಸಾಲುತ್ತಿಲ್ಲ. ಬೆಳೆದ ಗಂಡು ವೇಲ್ಡ್‌ಗೆ ಬಲ್ಬಿನಡಿಯ ಕೊಂಬೆಯ ಮೇಲೆ 29ರಿಂದ 32 ಡಿಗ್ರಿ ಸೆಲ್ಸಿಯಸ್ ಬೇಕು, ಗೂಡಿನ ಉಳಿದ ಭಾಗ 22ರಿಂದ 26ರಲ್ಲಿದ್ದರೆ ಸಾಕು. ಹೆಣ್ಣಿಗೂ ಮರಿಗಳಿಗೂ ಬಲ್ಬಿನಡಿ ಒಂದೆರಡು ಡಿಗ್ರಿ ಕಡಿಮೆ ಇರಲಿ. ಗೋಡೆಗೆ ಅಂಟಿಸಿದ ಥರ್ಮಾಮೀಟರ್ ಇದಕ್ಕೆ ಆಗದು. ತಂತಿಯ ತುದಿಯಲ್ಲಿ ಸಂವೇದಕ ಇರುವ ಡಿಜಿಟಲ್ ಮಾಪಕವನ್ನು ತಂದು, ಆ ತುದಿಯನ್ನು ಅದು ಕೂರುವ ಕೊಂಬೆಗೇ ಕಟ್ಟಿ.

ಇಲ್ಲಿ ನನ್ನ ಕಸುಬಿನ ಮಾತು ಬರುತ್ತದೆ. ಪಕ್ಕದ ಬೀದಿಯ ಹುಡುಗನೊಬ್ಬ ಬಂದು, "ಅಣ್ಣಾ, ಬಲ್ಬು ಚೆನ್ನಾಗಿ ಉರಿಯುತ್ತಿದೆ, ಆದರೂ ಕಪ್ಪಾಗಿಯೇ ಇದೆ" ಎಂದ. ಹೋಗಿ ನೋಡಿದರೆ ಅದು ಎಲ್‌ಇಡಿ. ಬೆಳಕು ಧಾರಾಳ, ಕೆಳಗೆ ಕೈ ಹಿಡಿದರೆ ಬಿಸಿಯೇ ಇಲ್ಲ. ಮೈ ಕಾಯಿಸಲು ತಂತಿ ಕಾದು ಉರಿಯುವ ಹಳೆಯ ಬಗೆಯ ಬಲ್ಬು ಅಥವಾ ಹ್ಯಾಲೋಜನ್ ಬೇಕು. ಇನ್ನೊಂದು ತೊಂದರೆ ವೋಲ್ಟೇಜಿನದು. ತೋಟದ ನಡುವಿನ ಮನೆಗಳಲ್ಲಿ 230 ವೋಲ್ಟ್ ಇರಬೇಕಾದ್ದು 180ಕ್ಕೆ ಇಳಿಯುವುದುಂಟು. ಆಗ ನೂರು ವ್ಯಾಟಿನ ಬಲ್ಬು ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗದಷ್ಟು ಶಕ್ತಿಯನ್ನು ಮಾತ್ರ ಕೊಡುತ್ತದೆ. ಕಣ್ಣಿಗೆ ಉರಿಯುತ್ತಿರುವಂತೆ ಕಂಡರೂ ಕೊಂಬೆಯ ಮೇಲೆ ಬಿಸಿ ಇಳಿದಿರುತ್ತದೆ. ಇದಕ್ಕೆ ಹೆಚ್ಚು ವ್ಯಾಟಿನ ಬಲ್ಬು ಹಾಕಬೇಡಿ. ವೋಲ್ಟೇಜ್ ಸರಿಯಾದ ಕ್ಷಣ ಶಿಖೆ ಸುಡುತ್ತದೆ. ಸಣ್ಣ ಸ್ಟೆಬಿಲೈಸರ್ ಮತ್ತು ಬಿಸಿ ಮಿತಿ ಮೀರದಂತೆ ತಡೆಯುವ ಥರ್ಮೋಸ್ಟಾಟ್ ಹಾಕಿಸಿ, ಬಲ್ಬು ಜಾಲರಿಯ ಹೊರಗಿರಲಿ. ಬೆನ್ನಿನ ಏಣಿನಲ್ಲೋ ಶಿಖೆಯ ತುದಿಯಲ್ಲೋ ಒಂದೇ ಜಾಗದಲ್ಲಿ ನಿಂತುಬಿಟ್ಟ ಕಪ್ಪು ಕಲೆ ಕಂಡರೆ ಅದು ಬಣ್ಣ ಬದಲಾದದ್ದಲ್ಲ, ಸುಟ್ಟ ಗಾಯವಿರಬಹುದು.

ಕರೆಂಟ್ ಹೋದ ದಿನ ಗಾಬರಿ ಬೇಡ. ಆರೋಗ್ಯವಂತ ಬೆಳೆದ ಪ್ರಾಣಿ ಕೆಲವು ಗಂಟೆಯ ತಂಪನ್ನು ತಡೆದುಕೊಳ್ಳುತ್ತದೆ. ಆದರೆ ಆ ದಿನ ಹುಳು ಹಾಕಬೇಡಿ, ಮೈ ಕಾಯದೆ ತಿಂದದ್ದು ಜೀರ್ಣವಾಗುವುದಿಲ್ಲ. ಇನ್ವರ್ಟರ್ ಇದ್ದರೆ ಬೆಳಗಿನ ಎರಡು ಗಂಟೆ ಬಿಸಿ ಬಲ್ಬಿಗೆ ಕೊಡಿ, ಟಿವಿಗಿಂತ ಅದು ಮುಖ್ಯ.

ಇನ್ನು ತೇವ. ಊಸರವಳ್ಳಿಗೆ ದಿನಕ್ಕೆ ಹಲವು ಸಲ ನೀರು ಸಿಂಪಡಿಸಿ ಎಂಬ ಸಲಹೆ ಒಣ ಊರಿನವರಿಗೆ ಸರಿ. ಜುಲೈ ತಿಂಗಳಲ್ಲಿ ಆಗುಂಬೆಯಲ್ಲೋ ಹೊಸನಗರದಲ್ಲೋ ಅದನ್ನೇ ಪಾಲಿಸಿದರೆ ಗೂಡು ಒಣಗುವುದೇ ಇಲ್ಲ. ತಂಪು, ಒದ್ದೆ, ನಿಂತ ಗಾಳಿ ಮೂರೂ ಸೇರಿದರೆ ಶ್ವಾಸಕೋಶದ ಸೋಂಕು ಬರುತ್ತದೆ, ಚರ್ಮಕ್ಕೆ ಶಿಲೀಂಧ್ರ ಹಿಡಿಯುತ್ತದೆ. ಹಳದಿ ಛಾಯೆಯ ಹೊಪ್ಪಳೆ ಕಪ್ಪಾಗುತ್ತ ಹರಡುತ್ತಿದ್ದರೆ ಮನೆಮದ್ದು ಹಚ್ಚುತ್ತ ಕೂರಬೇಡಿ. ಮಳೆಗಾಲದಲ್ಲಿ ಬೆಳಗ್ಗೆ ಒಮ್ಮೆ ಎಲೆಗಳ ಮೇಲೆ ಹನಿ ನಿಲ್ಲುವಷ್ಟು ಸಿಂಪಡಿಸಿ. ಬಟ್ಟಲಿನಲ್ಲಿಟ್ಟ ನೀರನ್ನು ಅದು ಸಾಮಾನ್ಯವಾಗಿ ಗುರುತಿಸುವುದಿಲ್ಲ, ಎಲೆಯ ಹನಿಯನ್ನೇ ನೆಕ್ಕುತ್ತದೆ. ಮಧ್ಯಾಹ್ನದೊಳಗೆ ಎಲ್ಲವೂ ಒಣಗಬೇಕು. ಗಾಜಿನ ಪೆಟ್ಟಿಗೆ ನಮ್ಮ ಹವೆಗೆ ಹೊಂದುವುದಿಲ್ಲ. ಜಾಲರಿಯ ಗೂಡು ಇರಲಿ, ಕಂಪ್ಯೂಟರಿನ ಪುಟ್ಟ ಫ್ಯಾನನ್ನು ಗಾಳಿ ನೇರವಾಗಿ ಮೈಗೆ ಬೀಸದಂತೆ ಜೋಡಿಸಿ. ಅಡಿಕೆ ಬೇಯಿಸುವ ಒಲೆಯ ಹೊಗೆ ಬರುವ ಕಡೆ ಗೂಡನ್ನು ಇಡಲೇಬೇಡಿ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣದ ಔಷಧಿ) ಹೊಡೆದ ತೋಟದ ಮಿಡತೆಯೂ ಬೇಡ, ದಾಸವಾಳದ ಎಲೆಯೂ ಬೇಡ. ವೇಲ್ಡ್ ಎಲೆಯನ್ನೂ ತಿನ್ನುತ್ತದೆ.

ಬಿಸಿಯೂ ತೇವವೂ ಸರಿಯಿದ್ದರೆ ಅದರ ಕಣ್ಣಿಗೆ ಏನು ಬೀಳುತ್ತಿದೆ ಎಂದು ನೋಡಿ. ಎದುರಿನ ಕನ್ನಡಿ, ಇನ್ನೊಂದು ಊಸರವಳ್ಳಿ, ಕಿಟಕಿಯಾಚೆಯ ಬೆಕ್ಕು, ದಿನಕ್ಕೊಂದಿಷ್ಟು ಹೊತ್ತು ಕೈಮೇಲೆ ಓಡಾಡಿಸುವ ಮಕ್ಕಳು. ಹೆದರಿದಾಗ ಅಥವಾ ಎದುರಾಳಿಗೆ ಸೋತಾಗ ಇವು ಕಪ್ಪಾಗುತ್ತವೆ. ಗೂಡಿನ ಮೇಲಿನ ಕೊಂಬೆ ನಮ್ಮ ಕಣ್ಣಿಗಿಂತ ಎತ್ತರದಲ್ಲಿರಲಿ, ಎಲೆ ದಟ್ಟವಾಗಿರಲಿ. ಮುದ್ದು ಮಾಡಬೇಕೆಂದು ಹಿಡಿಯುವುದನ್ನು ನಿಲ್ಲಿಸಿ. ಅದಕ್ಕೆ ಅದು ಬೇಕಿಲ್ಲ.

ಮಂಕಾಗುವುದಕ್ಕೆ ಬೇರೆ ಕಾರಣಗಳಿವೆ. ಪೊರೆ ಬಿಡುವ ಮುನ್ನ ಮೈ ಬೂದಿ ಬಣ್ಣಕ್ಕೆ ತಿರುಗಿ ಬಿಳಿ ತೇಪೆಗಳಾಗಿ ಕಳಚುತ್ತದೆ, ಕೈಯಿಂದ ಸುಲಿಯಬೇಡಿ. ರಾತ್ರಿ ನಿದ್ದೆಯಲ್ಲಿ ತಿಳಿಯಾಗುವುದು ಸಹಜ. ಹಗಲಲ್ಲಿ ತಿಳಿಯಾಗಿ ಬಾಯಿ ತೆರೆದು ಕುಳಿತರೆ ಸೆಕೆ ಹೆಚ್ಚಾಗಿದೆ. ವಾರಗಟ್ಟಲೆ ಮಂಕಾಗಿದ್ದರೆ ಯುವಿಬಿ (ಬಿಸಿಲಿನಲ್ಲಿರುವ ಒಂದು ಬಗೆಯ ಅತಿನೇರಳೆ ಕಿರಣ) ಕೊಡುವ ಟ್ಯೂಬಿನ ವಯಸ್ಸು ನೋಡಿ. ಬೆಳಕು ಕಾಣುತ್ತಿದ್ದರೂ ಒಳಗಿನ ಯುವಿಬಿ ಕ್ಷೀಣಿಸಿರುತ್ತದೆ, ವರ್ಷಕ್ಕೊಮ್ಮೆ ಬದಲಿಸಬೇಕು. ಕಿಟಕಿ ಗಾಜಿನ ಮೂಲಕ ಬರುವ ಬಿಸಿಲು ಲೆಕ್ಕಕ್ಕಿಲ್ಲ, ಗಾಜು ಯುವಿಬಿಯನ್ನು ತಡೆಯುತ್ತದೆ. ಯುವಿಬಿ ಇಲ್ಲದಿದ್ದರೆ ಮೈಯಲ್ಲಿ ವಿಟಮಿನ್ ಡಿ3 ತಯಾರಾಗದೆ ಕ್ಯಾಲ್ಸಿಯಂ ಹತ್ತುವುದಿಲ್ಲ, ಮೂಳೆ ಮೆತ್ತಗಾಗಿ ಕಾಲು ಬಾಗುತ್ತದೆ. ಹೆಣ್ಣು ವೇಲ್ಡ್ ಕಡು ಮೈಮೇಲೆ ಹಳದಿ, ನೀಲಿ ಚುಕ್ಕೆ ಮೂಡಿಸಿಕೊಂಡಿದ್ದರೆ ಬಸಿರಿರಬಹುದು. ಗಂಡಿಲ್ಲದೆಯೂ ಮೊಟ್ಟೆ ಕಟ್ಟುತ್ತದೆ. ಮೊಟ್ಟೆ ಇಡಲು ಒದ್ದೆ ಮರಳಿನ ಆಳವಾದ ಡಬ್ಬಿ ಇಡಿ.

ತಡಮಾಡಬಾರದ ಸ್ಥಿತಿ ಯಾವುದೆಂದರೆ ಬಿಸಿಯೆಲ್ಲ ಸರಿಯಿದ್ದೂ ಹಗಲಲ್ಲಿ ಕಪ್ಪಾಗಿ ಕಣ್ಣು ಮುಚ್ಚಿ ಕೂರುವುದು. ಕಣ್ಣು ಗುಳಿ ಬಿದ್ದಿದ್ದರೆ, ಹಿಕ್ಕೆಯ ಜೊತೆಗಿನ ಬಿಳಿ ಭಾಗ ಕಿತ್ತಳೆಗೆ ತಿರುಗಿದ್ದರೆ ನೀರು ಸಾಲದಾಗಿದೆ. ಕೊಂಬೆಯ ಹಿಡಿತ ಸಡಿಲಾಗಿ ತಳದಲ್ಲಿ ಬಿದ್ದಿದ್ದರೆ ಆ ದಿನವೇ ಹೊರಡಿ. ನಮ್ಮ ಕಡೆಯವರು ಶಿವಮೊಗ್ಗದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ವಿಚಾರಿಸಬಹುದು. ಸರೀಸೃಪ ನೋಡುವ ವೈದ್ಯರಿದ್ದಾರೆಯೇ ಎಂದು ಮೊದಲೇ ಕೇಳಿಕೊಳ್ಳಿ. ಗಾಳಿಯಾಡುವ ಪೆಟ್ಟಿಗೆಯೊಳಗೆ ಒಂದು ಕೊಂಬೆ ಕಟ್ಟಿ, ಮೇಲೆ ಬಟ್ಟೆ ಹೊದಿಸಿ ಒಯ್ಯಿರಿ. ಹೊಸ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ತೆಗೆದುಕೊಳ್ಳಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ ತೆಗೆದ ಫೋಟೊಗಳನ್ನೂ ಪ್ರತಿಯೊಂದರ ಜೊತೆ ಬರೆದಿಟ್ಟ ಕೊಂಬೆಯ ಡಿಗ್ರಿಯನ್ನೂ ವೈದ್ಯರಿಗೆ ತೋರಿಸಿ, ಏಕೆಂದರೆ ಅಪರಿಚಿತ ಕೋಣೆಯಲ್ಲಿ ಮೇಜಿನ ಮೇಲಿಟ್ಟಾಗ ಆರೋಗ್ಯವಂತ ಊಸರವಳ್ಳಿಯೂ ಕಪ್ಪಾಗಿಯೇ ಕಾಣಬಹುದು.