ಕುದುರೆ-ಒಂಟೆ ಸ್ಟಡಿಗಳನ್ನು ನಾನು ತೊಗರಿ ಬೇಳೆ ಇಟ್ಟು ಬಿಡಿಸಿದ್ದು

ಕಲಬುರಗಿಯ ಮೇ ತಿಂಗಳ ಬಿಸಿಲು ಗೊತ್ತಲ್ವಾ, ಮಧ್ಯಾಹ್ನ ಮನೆ ಸೇರಿದರೆ ಸಂಜೆವರೆಗೆ ಹೊರಗೆ ಕಾಲಿಡುವ ಮಾತೇ ಇಲ್ಲ. ಹೋದ ವರ್ಷ ಆ ಹೊತ್ತಲ್ಲೇ ಚೆಸ್ ಎಂಡ್‌ಗೇಮ್ ಸ್ಟಡಿಗಳ, ಅಂದರೆ ಕೆಲವೇ ಕಾಯಿ ಉಳಿದ ಆಟದ ಕೊನೆಯನ್ನು ಬಿಡಿಸುವ ಒಗಟುಗಳ, ಹುಚ್ಚು ಹಿಡಿಯಿತು. ಅದರಲ್ಲೂ ಒಂದು ಕಡೆ ಕುದುರೆ, ಇನ್ನೊಂದು ಕಡೆ ಒಂಟೆ ಇರುವಂಥವು. ಬೋರ್ಡಿನ ಮೇಲೆ ಐದೇ ಕಾಯಿ ಇರುತ್ತವೆ, ಆದರೂ ಎರಡು ದಿನ ತಲೆ ತಿನ್ನುತ್ತವೆ.

ಮೊದಮೊದಲು ನಾನು ಮಾಡುತ್ತಿದ್ದ ತಪ್ಪು ಒಂದೇ, ಚೆಕ್ ಕಂಡರೆ ಸಾಕು ಕೊಟ್ಟುಬಿಡುವುದು. ಈ ಚಿಕ್ಕ ಆಟ ಹಚ್ಚಿ ನೋಡಿ (ಅಕ್ಷರ ಅಂದರೆ ಬೋರ್ಡಿನ ಉದ್ದ ಸಾಲು, ಎಡದಿಂದ ಎ, ಬಿ, ಸಿ; ಅಂಕೆ ಅಂದರೆ ಅಡ್ಡ ಸಾಲು, ಬಿಳಿಯ ಕಡೆಯಿಂದ 1ರಿಂದ 8). ಬಿಳಿ ರಾಜ ಬಿ8, ಕುದುರೆ ಡಿ6, ಪ್ಯಾದೆ ಎ7. ಕಪ್ಪು ರಾಜ ಜಿ5, ಒಂಟೆ ಎಫ್3. ನಡೆ ಬಿಳಿಯದು. ಪ್ಯಾದೆ ಕೊನೆಯ ಸಾಲಿನ ಎ8 ಮುಟ್ಟಿ ಮಂತ್ರಿ ಆಗಬೇಕು, ಆದರೆ ಒಂಟೆ ದೂರದಿಂದಲೇ ಆ ಮನೆ ಕಾಯುತ್ತಿದೆ. ನಾನು ಖುಷಿಯಿಂದ ಕುದುರೆಯನ್ನು ಇ4ಕ್ಕೆ ಹಾಕಿ ಚೆಕ್ ಕೊಟ್ಟೆ, ದಾರಿಯೂ ಮುಚ್ಚಿತು ಅಂದುಕೊಂಡೆ. ಒಂಟೆ ಬಂದು ಕುದುರೆಯನ್ನೇ ಹೊಡೆಯಿತು, ಹೊಡೆದ ಮೇಲೂ ಅದೇ ಓರೆ ಸಾಲಿನಲ್ಲೇ ನಿಂತು ಎ8 ಕಾಯುತ್ತಿತ್ತು. ಡ್ರಾ.

ನಮ್ಮ ಓಣಿಯಲ್ಲಿ ಒಬ್ಬರು ಕಾಕಾ ಇದ್ದಾರೆ, ಹಳೇ ಆಟಗಾರರು. ಪಕ್ಕದಲ್ಲಿ ಕೂತು ನೋಡುತ್ತಿದ್ದವರು ನಕ್ಕರು. "ತಮ್ಮಾ, ಕುದ್ರಿ ಆಮ್ಯಾಲ ಮುಟ್ಟು, ಮೊದ್ಲ ಒಂಟಿ ಮನಿ ಎಣಸು" ಅಂದರು.

ಹಾಗಾಗಿ ಅಡುಗೆಮನೆಯಿಂದ ಒಂದು ಹಿಡಿ ತೊಗರಿ ಬೇಳೆ ತಂದೆ. ಒಂಟೆ ಹೋಗಬಲ್ಲ ಪ್ರತಿ ಮನೆಯಲ್ಲೂ ಒಂದೊಂದು ಬೇಳೆ. ಖಾಲಿ ಬೋರ್ಡಿನಲ್ಲಿ ಡಿ5ರ ಒಂಟೆಗೆ 13 ಬೇಳೆ ಬೇಕು, ಮೂಲೆಯಲ್ಲಿದ್ದರೆ 7. ಆಗಲೇ ಕಣ್ಣಿಗೆ ಬಿದ್ದದ್ದು: ಎ8 ಮೂಲೆಗೆ ಒಂಟೆ ಬರುವ ದಾರಿ ಒಂದೇ. ಅಂದರೆ ಆ ದಾರಿಯ ಕೊನೆಯ ಮನೆ ಬಿ7ಕ್ಕೆ ಕುದುರೆ ಹಾಕಿದರೆ ಮುಗಿಯಿತು, ಪಕ್ಕದಲ್ಲಿ ರಾಜ ಕಾವಲಿದ್ದಾನೆ. ಒಂಟೆ ಹೊಡೆದರೆ ರಾಜ ತಿರುಗಿ ಹೊಡೆಯುತ್ತಾನೆ, ಹೊಡೆಯದಿದ್ದರೆ ಪ್ಯಾದೆ ಮಂತ್ರಿ ಆಗುತ್ತದೆ. ಅಡ್ಡ ನಿಲ್ಲಿಸುವ ಮನೆಗೆ ನಮ್ಮ ಕಾವಲು ಇದೆಯಾ ಅನ್ನುವುದನ್ನೇ ನಾನು ನೋಡಿರಲಿಲ್ಲ.

ಒಂಟೆ ಕುದುರೆಯನ್ನು ಕಟ್ಟಿಹಾಕುವ ಸ್ಟಡಿಗಳಿಗಂತೂ ಬೇಳೆ ಇನ್ನೂ ಚೆನ್ನ. ಕುದುರೆ ಎ5ರಲ್ಲಿ, ಒಂಟೆ ಡಿ5ರಲ್ಲಿ ಇಡಿ. ಕುದುರೆ ಹಾರಬಹುದಾದ ನಾಲ್ಕೂ ಮನೆಗಳಲ್ಲಿ, ಬಿ7, ಸಿ6, ಸಿ4, ಬಿ3, ಬೇಳೆ ಕೂತಿರುತ್ತದೆ. ಅಂಚಿಗೆ ಬಂದ ಕುದುರೆ, ಎದುರಿಗೆ ಅದೇ ಸಾಲಿನಲ್ಲಿ ಮೂರು ಮನೆ ಆಚೆ ಒಂಟೆ. ಈ ಚಿತ್ರ ಒಮ್ಮೆ ತಲೆಯಲ್ಲಿ ಕೂತರೆ ಎಷ್ಟೋ ಸ್ಟಡಿಗಳನ್ನು ಕೊನೆಯಿಂದ ಹಿಂದಕ್ಕೆ ಬಿಡಿಸಬಹುದು. ನಾನು ಈಗ ಹಾಗೇ ಮಾಡುತ್ತೇನೆ.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಕುದುರೆ ಪ್ರತಿ ನಡೆಗೂ ಮನೆಯ ಬಣ್ಣ ಬದಲಿಸುತ್ತದೆ, ಹಾಗಾಗಿ ಮೂರು ನಡೆಯಲ್ಲಿ ಅದೇ ಮನೆಗೆ ವಾಪಸ್ ಬರಲು ಆಗುವುದೇ ಇಲ್ಲ. ಒಂಟೆಗಾದರೆ ಸುಮ್ನೆ ಒಂದು ನಡೆ ಕಳೆಯುವುದು, ಅಂದರೆ ಒಂದು ನಡೆ ಹೆಚ್ಚು ತಗೊಂಡು ಅದೇ ಮನೆ ಸೇರಿ ಸರದಿಯನ್ನು ಎದುರಾಳಿಗೆ ದಾಟಿಸುವುದು, ಸಲೀಸು. ಇದು ಗೊತ್ತಿಲ್ಲದೆ ಒಂದು ಸ್ಟಡಿಯಲ್ಲಿ ಕುದುರೆಯನ್ನು ಇಡೀ ಮಧ್ಯಾಹ್ನ ಸುತ್ತಾಡಿಸಿದ್ದೇನೆ!

ಬಿಡಿಸಲಾಗದೆ ಬೇಜಾರಾದಾಗ ಒಂದು ಕಥೆ ನೆನಪು ಮಾಡಿಕೊಳ್ಳುತ್ತೇನೆ. ಕ್ಲಿಂಗ್ ಮತ್ತು ಹೊರ್ವಿಟ್ಜ್ ಅನ್ನುವ ಇಬ್ಬರು ಸ್ಟಡಿ ರಚನೆಕಾರರು 1851ರಲ್ಲಿ, ಎರಡು ಒಂಟೆಗಳ ಎದುರು ಒಂದೇ ಕುದುರೆ ಮೂಲೆಯ ಹತ್ತಿರ ಭದ್ರವಾಗಿ ಕೂತರೆ ಡ್ರಾ ಅಂದಿದ್ದರು. ಜಾಸ್ತಿ ಜನ ಅದನ್ನೇ ನಂಬಿದ್ದರು. 1983ರಲ್ಲಿ ಕಂಪ್ಯೂಟರ್ ವಿಜ್ಞಾನಿ ಕೆನ್ ಥಾಂಪ್ಸನ್ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದಾಗ ಒಂಟೆಗಳಿಗೇ ಗೆಲುವು ಅಂತ ಬಂತು, ಆದರೆ ಕೆಲವು ಕಡೆ 66 ನಡೆ ಬೇಕು. ಅಷ್ಟಕ್ಕೆ ನನ್ನ ಬಳಿ ಬೇಳೆಯೂ ಇಲ್ಲ, ತಾಳ್ಮೆಯೂ ಇಲ್ಲ.

ಈಗ ಹೊಸದೊಂದು ಸ್ಟಡಿ ಮೂರು ದಿನದಿಂದ ಬೋರ್ಡಿನ ಮೇಲೆ ಹಾಗೇ ಕೂತಿದೆ. ನಿನ್ನೆ ಅವ್ವ ಕಸ ಹೊಡೆಯಲು ಬಂದವಳು, "ಇದು ಆಟ ಅದನೋ, ಬ್ಯಾಳಿ ಒಣಾ ಹಾಕಿದ್ದೋ?" ಅಂದಳು. ಎರಡು ಬೇಳೆ ಎಲ್ಲಿಗೋ ಉರುಳಿದವು, ಯಾವ ಮನೆಯವು ಅಂತ ಈಗ ಮತ್ತೆ ಎಣಿಸಬೇಕು.